ಪೊಂಬುರ್ಚಪುರ: ಮರೆತುಹೋದ ರಾಜಧಾನಿ

ಹಂಪೆಗೆ ಹೋಗುವವನು ರಾಜಧಾನಿಯೊಂದನ್ನು ನೋಡಲೆಂದೇ ಹೋಗುವನು. ಹೊಸನಗರ ತಾಲ್ಲೂಕಿನ ಹುಂಚಕ್ಕೆ ಹೋಗುವವರಲ್ಲಿ ಬಹುಮಂದಿಯಾದರೋ ಪದ್ಮಾವತೀದೇವಿಯ ದರ್ಶನವನ್ನು ಮಾಡಿ ಹಿಂದಿರುಗುವರು. ತಾವು ನಿಂತ ನೆಲವು ಒಂದು ಕಾಲದಲ್ಲಿ ಅರಸರ ಪಟ್ಟಣವಾಗಿದ್ದಿತೆಂಬುದು ಅವರ ಗಮನಕ್ಕೆ ಬರುವುದು ಅಪೂರ್ವ.

ಶಾಸನಗಳಲ್ಲಿ ಈ ಊರಿಗೆ ಪೊಂಬುರ್ಚವೆಂದು ಹೆಸರು. ಸಾಂತಳಿಗೆ ಸಾವಿರವನ್ನು ಆಳಿದ ಸಾಂತರರಿಗೆ ಇದು ರಾಜಧಾನಿ. ಉತ್ತರಮಧುರೆಯಿಂದ ಬಂದ ಜಿನದತ್ತರಾಯನು ಲಕ್ಕಿಯ ಗಿಡದ ಬಳಿಯಲ್ಲಿ ದೇವಿಯ ಅನುಗ್ರಹವನ್ನು ಪಡೆದು, ಕಬ್ಬಿಣವನ್ನು ಹೊನ್ನಾಗಿಸಿ ಊರನ್ನು ಕಟ್ಟಿದನೆಂಬುದು ಐತಿಹ್ಯ. ಐತಿಹ್ಯವನ್ನು ಭಕ್ತಿಯಿಂದ ಕೇಳಬಹುದು. ಕಾಲವನ್ನು ತಿಳಿಯಬೇಕಾದರೆ ಕಲ್ಲನ್ನೇ ಕೇಳಬೇಕು. ಕ್ರಿ. ಶ. 897ರಲ್ಲಿ ವಿಕ್ರಮಾದಿತ್ಯ ಸಾಂತರನು ಮೌನಿ ಸಿದ್ಧಾಂತ ಭಟ್ಟಾರಕರಿಗಾಗಿ ಇಲ್ಲಿ ಕಲ್ಲಿನ ಬಸದಿಯೊಂದನ್ನು ಮಾಡಿಸಿದನು. ವೀರಸಾಂತರನ ಆಳಿಕೆಯಲ್ಲಿ, 1062ರಲ್ಲಿ, ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯು ಜಿನಾಲಯವನ್ನು ಕಟ್ಟಿಸಿದುದಲ್ಲದೆ ಕೆರೆಗಳನ್ನೂ ಕಟ್ಟಿಸಿದನು. ಪಟ್ಟಣಸ್ವಾಮಿಯೆಂದರೆ ಪೇಟೆಯ ವರ್ತಕರ ಮುಖಂಡ. ಈ ಒಂದು ಬಿರುದೇ ಇಂದಿನ ಶಾಂತವಾದ ಹಳ್ಳಿಯಲ್ಲಿ ಅಂದು ನಡೆಯುತ್ತಿದ್ದ ವ್ಯಾಪಾರಕ್ಕೆ ಸಾಕ್ಷಿಯಾಗಿದೆ.

ಆದರೆ ಪ್ರವಾಸಿಗನ ಮನಸ್ಸನ್ನು ಹಿಡಿದು ನಿಲ್ಲಿಸಬೇಕಾದುದು ಪಂಚಕೂಟ ಬಸದಿ. ಉರ್ವೀತಿಲಕವೆಂದು ಹೆಸರಾದ ಇದನ್ನು 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ. ಗಂಗವಂಶದಲ್ಲಿ ಹುಟ್ಟಿ, ಪಲ್ಲವನಾದ ಕಾಡುವೆಟ್ಟಿಯ ಕೈಹಿಡಿದ ಈಕೆಯು ಸಾಂತರರ ಪಟ್ಟಣಕ್ಕೆ ಬಂದು ನೆಲಸಿದುದಕ್ಕೆ ಕಾರಣ ಮಕ್ಕಳು. ಈಕೆಯ ಸಹೋದರಿ, ವೀರಸಾಂತರನ ರಾಣಿ ಬೀರಲದೇವಿಯು ತೀರಿಹೋದಾಗ ಆಕೆಯ ನಾಲ್ವರು ಮಕ್ಕಳು, ತೈಲ, ಗೊಗ್ಗಿಗ, ಒಡ್ಡುಗ ಮತ್ತು ಬರ್ಮರು, ತಾಯಿಯಿಲ್ಲದವರಾದರು. ಚಟ್ಟಲದೇವಿಯು ಅವರನ್ನು ತನ್ನ ಮಕ್ಕಳೆಂದೇ ಸಲಹಿದಳು. ಆಮೇಲೆ, ಅಗಲಿದ ತಂದೆ, ತಾಯಿ, ಸಹೋದರಿ, ಸಹೋದರರ ಪುಣ್ಯಸ್ಮರಣೆಗಾಗಿ ಆ ಮಕ್ಕಳನ್ನು ಕೂಡಿಕೊಂಡು ಈ ಬಸದಿಯನ್ನು ಎತ್ತಿಸಿದಳು. ಕೆರೆ, ಬಾವಿ, ಸತ್ರ, ಅರವಟ್ಟಿಗೆಗಳನ್ನು ಮಾಡಿಸಿದ ಪುಣ್ಯವೂ ಆಕೆಯ ಪಾಲಿನದು.

ಕಾಲಕ್ರಮದಲ್ಲಿ ಸಾಂತರರ ವಂಶವು ಕಳಸಕ್ಕೂ ಕಾರ್ಕಳಕ್ಕೂ ಸರಿಯಿತು. 1432ರಲ್ಲಿ ಕಾರ್ಕಳದ ಗುಡ್ಡದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನು ಈ ಪರಂಪರೆಯವನೇ. ಪೊಂಬುರ್ಚದ ಅರಸೊತ್ತಿಗೆ ಅಳಿಯಿತು. ದೇವಿಯ ಪೂಜೆ ಉಳಿಯಿತು. ಪೂಜೆ ಉಳಿದುದರಿಂದಲೇ ಊರೂ ಉಳಿಯಿತೆನ್ನಬೇಕು. ಆದರೂ ಊರಿನ ಚರಿತ್ರೆಯು ಜನರ ನೆನಪಿನಿಂದ ಜಾರುತ್ತ ಬಂದಿತು. ನಗರ ಸೀಮೆಯ ಶಾಸನಗಳನ್ನು ರೈಸ್ ಸಾಹೇಬರು 1904ರಲ್ಲಿ ಅಚ್ಚು ಮಾಡಿಸಿದರು. ಓದುವವರಿಗೆ ಅಂದಿನಿಂದಲೂ ಅವು ದೊರೆಯುತ್ತಲೇ ಇವೆ.

ಹುಂಚಕ್ಕೆ ಹೋಗುವ ಗೃಹಸ್ಥರು ದರ್ಶನವಾದ ಮೇಲೆ ಪಂಚಕೂಟ ಬಸದಿಯವರೆಗೆ ನಡೆದು, ಮಾನಸ್ತಂಭದ ಮುಂದೆ ನಿಂತು, ಜೊತೆಯಲ್ಲಿರುವ ಮಕ್ಕಳಿಗೆ ಚಟ್ಟಲದೇವಿಯ ಕಥೆಯನ್ನು ಹೇಳಿದರೆ ಸಾಕು, ರಾಜಧಾನಿಯನ್ನು ನೋಡಿದಂತಾಗುವುದು.