ಪಟ್ಟಿ ಯಾರ ಕೈಯಲ್ಲಿದೆ?

ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಕೊಟ್ಟ ಗಿರಣಿ 1884ರಲ್ಲಿ ಬ್ಯಾಂಗಲೋರ್ ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂದು ಶುರುವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂತು. ಪಾಳಿಯ ಹೊತ್ತಿಗೆ ಗಿರಣಿಯ ಸೈರನ್ ಕೂಗಿತೆಂದರೆ ಸುತ್ತಲ ಬೀದಿಗಳಿಗೆಲ್ಲ ಒಂದೇ ಗಳಿಗೆಯಲ್ಲಿ ಸುದ್ದಿ ಮುಟ್ಟುತ್ತಿತ್ತು. ಗೇಟಿನ ಹೊರಗೆ ಕಾರ್ಮಿಕ ಸಂಘದವರು ಕೈಕೈಗೆ ಕೊಡುವ ಕರಪತ್ರವೂ ಅದೇ ಜನಕ್ಕೆ ಮುಟ್ಟುತ್ತಿತ್ತು. ಆದರೆ ಎರಡಕ್ಕೂ ದೊಡ್ಡ ವ್ಯತ್ಯಾಸ. ಸೈರನ್‌ಗೆ ಕೇಳುವವರ ಹೆಸರು ಬೇಕಿಲ್ಲ, ಅವರ ಉತ್ತರವೂ ಬೇಕಿಲ್ಲ. ಸಂಘಕ್ಕೆ ಎರಡೂ ಬೇಕು. ಚಂದಾ ಕೊಟ್ಟವರ ರಿಜಿಸ್ಟರ್ ಇಲ್ಲದೆ ಸಂಘವೇ ಇಲ್ಲ, ಮುಂದಾಳು ತಪ್ಪು ಹೇಳಿದರೆ ಮರುದಿನ ಅದೇ ಗೇಟಿನಲ್ಲಿ ನಿಲ್ಲಿಸಿ ಕೇಳುವವರಿದ್ದರು. ಗಿರಣಿ ಮುಚ್ಚಿ, ಆ ನೆಲದಲ್ಲಿ ಅಪಾರ್ಟ್‌ಮೆಂಟು, ಮಾಲು ಎದ್ದಿವೆ. ಒಬ್ಬರು ಹಲವರಿಗೆ ಮಾತು ಮುಟ್ಟಿಸುವ ಕೆಲಸ ಮಾತ್ರ ಅಲ್ಲಿನ ಪ್ರತಿ ಮನೆಯ ಮೊಬೈಲಿನಲ್ಲಿ ನಡೆದೇ ಇದೆ.

ಈ ಕೆಲಸದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಾಧನಗಳ ಚರಿತ್ರೆಯಾಗಿ ಹೇಳುತ್ತೇವೆ: ಡಂಗುರ, ಮೈಕು, ಎಸ್ಸೆಮ್ಮೆಸ್ಸು, ವಾಟ್ಸಾಪು. ನನ್ನ ಮಟ್ಟಿಗೆ ಅದು ಪಟ್ಟಿಯ ಚರಿತ್ರೆ. ಕೇಳುವವರ ಪಟ್ಟಿ ಯಾರ ಕೈಯಲ್ಲಿದೆ, ಆ ಪಟ್ಟಿಗೆ ಸೇರಲು ಅವರು ಒಪ್ಪಿದ್ದಾರೆಯೇ, ತಿರುಗಿ ಮಾತಾಡಲು ದಾರಿ ಇದೆಯೇ ಎಂಬ ಮೂರು ಪ್ರಶ್ನೆ ಕೇಳಿದರೆ ಪ್ರತಿ ಘಟ್ಟದ ಬಲ, ಅಪಾಯ ಎರಡೂ ಕಾಣುತ್ತವೆ.

ಅಚ್ಚಿನ ಕಾಲದಲ್ಲಿ ಉತ್ತರ ಸರಳವಾಗಿತ್ತು. 1980ರಲ್ಲಿ ಪಿ. ಲಂಕೇಶ್ ಬಸವನಗುಡಿಯಿಂದ ಶುರುಮಾಡಿದ ‘ಲಂಕೇಶ್ ಪತ್ರಿಕೆ’ ಜಾಹೀರಾತು ಮುಟ್ಟಲಿಲ್ಲ. ಓದುಗ ವಾರವಾರ ಕೊಡುವ ಕಾಸೇ ಅದರ ಬಂಡವಾಳ. ಓದುಗನಿಗೆ ಬೇಸರವಾದರೆ ಮುಂದಿನ ವಾರ ಕೊಳ್ಳುವುದಿಲ್ಲ, ಅಷ್ಟೇ. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಬೀದಿಗಿಳಿದಾಗ ಜನ ಸೇರಿಸುವುದರಲ್ಲಿ ಪತ್ರಿಕೆಗಳ ಜೊತೆ ಬಡಾವಣೆ ಬಡಾವಣೆಯ ಅಭಿಮಾನಿ ಸಂಘಗಳ ಪಾಲೂ ಇತ್ತು. ಪ್ರತಿ ಸಂಘಕ್ಕೂ ಒಂದು ಬೋರ್ಡು, ಹೆಸರು ಹಿಡಿದು ಕರೆಯಬಹುದಾದ ಒಬ್ಬ ಅಧ್ಯಕ್ಷ. ಮೈಕ್ ಕಟ್ಟಿದ ಆಟೋ, ಗೋಡೆ ಪೋಸ್ಟರು, ಆಮೇಲೆ ಬಂದ ಫ್ಲೆಕ್ಸು ಇವೆಲ್ಲ ಸೈರನ್ನಿನ ವಂಶಕ್ಕೆ ಸೇರಿದವು. ಪಟ್ಟಿಯಿಲ್ಲ, ಕಣ್ಣು ಕಿವಿ ಇದ್ದವರೆಲ್ಲ ಗಿರಾಕಿಗಳೇ. ಬೀದಿ ಅಂದಗೆಡಿಸುವುದರ ವಿರುದ್ಧ 1981ರಿಂದಲೇ ಕಾಯ್ದೆ ಇದ್ದರೂ, ಫ್ಲೆಕ್ಸಿಗೆ ನಿಜವಾದ ಕತ್ತರಿ ಬಿದ್ದದ್ದು 2018ರ ಆಗಸ್ಟ್‌ನಲ್ಲಿ, ಹೈಕೋರ್ಟು ಪಾಲಿಕೆಯ ಬೆನ್ನು ಬಿದ್ದ ಮೇಲೆ. ಅಷ್ಟು ಹೊತ್ತಿಗೆ ಬಡಾವಣೆಯ ಮುಖಂಡರ ಹುಟ್ಟುಹಬ್ಬದ ಶುಭಾಶಯ ಗೋಡೆ ಬಿಟ್ಟು ಫೋನಿಗೆ ಹತ್ತಿಯಾಗಿತ್ತು.

ಫೋನಿಗೆ ಹತ್ತಿಸಿದ್ದು ಮೊದಲು ಎಸ್ಸೆಮ್ಮೆಸ್. ಟ್ವಿಟರ್ ಹೆಸರು ಇಲ್ಲಿ ಕೇಳಿದವರು ಕಡಿಮೆ ಇದ್ದ 2007ರಲ್ಲೇ ಭಾರತದಲ್ಲಿ ‘ಎಸ್ಸೆಮ್ಮೆಸ್ ಗಪ್‌ಶಪ್’ ಎಂಬ ಸೇವೆ ಶುರುವಾಗಿತ್ತು: ಒಬ್ಬರು ಒಂದು ಗುಂಪು ಕಟ್ಟಿ ಸಂದೇಶ ಹಾಕಿದರೆ ಸೇರಿದವರಿಗೆಲ್ಲ ಹೋಗುತ್ತಿತ್ತು. ಮರುವರ್ಷ ಗೂಗಲ್ ಕೂಡ ಇಲ್ಲಿ ಎಸ್ಸೆಮ್ಮೆಸ್ ಚಾನೆಲ್ಸ್ ತೆರೆಯಿತು. ಇವತ್ತಿನ ಚಾನೆಲ್‌ಗಳ ಮೂಲ ರೂಪ ಇಂಟರ್ನೆಟ್ಟೇ ಇಲ್ಲದ ಅಗ್ಗದ ಫೋನುಗಳಲ್ಲಿ, ನಮ್ಮ ದೇಶದಲ್ಲೇ ಚಾಲ್ತಿಯಲ್ಲಿತ್ತು ಎಂಬುದನ್ನು ನೆನಪಿಸಿಕೊಳ್ಳುವವರು ಈಗ ಕಡಿಮೆ.

ಆದರೆ ಕನ್ನಡಕ್ಕೆ ಆ ದಾರಿ ಇಕ್ಕಟ್ಟಾಗಿತ್ತು, ಕಾರಣ ಶುದ್ಧ ಲೆಕ್ಕದ್ದು. ಒಂದು ಎಸ್ಸೆಮ್ಮೆಸ್‌ಗೆ 140 ಬೈಟುಗಳ ಜಾಗ. ಇಂಗ್ಲಿಷ್ ಅಕ್ಷರಗಳಾದರೆ ಅದರಲ್ಲಿ 160 ಹಿಡಿಯುತ್ತವೆ, ಯೂನಿಕೋಡ್ ಕನ್ನಡವಾದರೆ 70 ಮಾತ್ರ. ಆ 70ರ ಲೆಕ್ಕವಾದರೂ ನಾವು ಅಕ್ಷರ ಎನ್ನುವುದರದ್ದಲ್ಲ. ‘ಬಿನ್ನಿಪೇಟೆ’ ಎಂದು ಬರೆದರೆ ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರಕ್ಕೆ ಬ, ಗುಡಿಸು, ನ, ವಿರಾಮ, ಮತ್ತೊಂದು ನ, ಅದಕ್ಕೊಂದು ಗುಡಿಸು, ಪ, ಅದರ ಏತ್ವ, ಟ, ಅದರ ಎತ್ವ ಸೇರಿ ಹತ್ತು. ಅಂದರೆ ಒಂದು ಸಂದೇಶದಲ್ಲಿ ಏಳು ಸಲ ‘ಬಿನ್ನಿಪೇಟೆ’ ಎಂದು ಬರೆದರೆ ಮುಗಿಯಿತು, ನಡುವೆ ಜಾಗ ಬಿಡಲೂ ಆಗದು. ಒಂದಕ್ಕೆ ಆಗುವ ಕೆಲಸಕ್ಕೆ ಎರಡು, ಮೂರು ಸಂದೇಶದ ದುಡ್ಡು. ಅಷ್ಟು ಕೊಟ್ಟು ಕಳಿಸಿದರೂ ಎಷ್ಟೋ ಹ್ಯಾಂಡ್‌ಸೆಟ್‌ಗಳಲ್ಲಿ ಕಾಣುತ್ತಿದ್ದುದು ಖಾಲಿ ಚೌಕಗಳ ಸಾಲು. ಹಾಗಾಗಿ ದೇವಸ್ಥಾನದ ಸೇವಾ ಸಮಿತಿಯಿಂದ ಹಿಡಿದು ಚೀಟಿ ನಡೆಸುವವರವರೆಗೆ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದನ್ನು ರೂಢಿಸಿಕೊಂಡರು. ಕನ್ನಡಿಗರಿಗೆ ಲಿಪಿಯ ಮೇಲೆ ಅಭಿಮಾನವಿಲ್ಲ ಎಂದು ಆಗ ಬೈದವರು ಈ ಲೆಕ್ಕ ನೋಡಬೇಕಿತ್ತು. ಜನ ಲಿಪಿಯನ್ನು ಕೈಬಿಡಲಿಲ್ಲ, ಲಿಪಿಗೆ ಹೆಚ್ಚು ದರ ಹಾಕಲಾಗಿತ್ತು.

2011ರ ಸೆಪ್ಟೆಂಬರ್ 27ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಂದು ಸಿಮ್‌ನಿಂದ ದಿನಕ್ಕೆ 100 ಎಸ್ಸೆಮ್ಮೆಸ್ ಎಂಬ ಮಿತಿ ಹೇರಿತು, ಸ್ವಲ್ಪ ದಿನಕ್ಕೇ 200ಕ್ಕೆ ಏರಿಸಿತು. ಅದು ಜಾಹೀರಾತಿನ ಕಾಟಕ್ಕೆ ಮದ್ದು. ಮುಂದಿನ ವರ್ಷ ಬಂದದ್ದು ಭಯದ ಕಾಲ. 2012ರ ಆಗಸ್ಟ್ ಮಧ್ಯದಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದೆಂಬ ವದಂತಿ ಎಸ್ಸೆಮ್ಮೆಸ್, ಫೇಸ್‌ಬುಕ್ ಮೂಲಕ ಹಬ್ಬಿತು. ಬಿನ್ನಿಪೇಟೆಯಿಂದ ಅಷ್ಟು ದೂರವಲ್ಲದ ಸಿಟಿ ರೈಲ್ವೆ ನಿಲ್ದಾಣಕ್ಕೆ ಬ್ಯಾಗು ಹೊತ್ತು ಸಾವಿರಾರು ಯುವಕ ಯುವತಿಯರು ಬಂದರು. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಕೇಂದ್ರ ಸರ್ಕಾರ ಹದಿನೈದು ದಿನ ಬಲ್ಕ್ ಎಸ್ಸೆಮ್ಮೆಸ್ ನಿಷೇಧಿಸಿ, ಒಬ್ಬರು ದಿನಕ್ಕೆ ಐದೇ ಸಂದೇಶ ಕಳಿಸಬೇಕೆಂದಿತು, ಆಮೇಲೆ ಇಪ್ಪತ್ತಕ್ಕೆ ಸಡಿಲಿಸಿತು. ಊರು ಬಿಡುತ್ತಿದ್ದ ಆ ಮಕ್ಕಳನ್ನು ತಡೆಯಲು ಪೊಲೀಸರು, ಮಂತ್ರಿಗಳು, ನಾಗರಿಕರು ನಿಲ್ದಾಣದಲ್ಲಿ ಮುಖಾಮುಖಿ ಮಾತಾಡಬೇಕಾಯಿತು. ಕಳಿಸಿದವನ ಗುರುತಿಲ್ಲದ ಸಂದೇಶವೊಂದು ಇಡೀ ನಗರದ ಮೇಲಿನ ನಂಬಿಕೆಯನ್ನು ಎರಡು ದಿನದಲ್ಲಿ ಅಲುಗಾಡಿಸಿದ್ದನ್ನು ಬೆಂಗಳೂರು ಮರೆಯಬಾರದು.

ಎಸ್ಸೆಮ್ಮೆಸ್ಸನ್ನು ಸಣ್ಣ ಸಂಘಸಂಸ್ಥೆಗಳ ಕೈಯಿಂದ ಪೂರ್ತಿ ಜಾರಿಸಿದ್ದು ಟ್ರಾಯ್ ತಂದ 2018ರ ನಿಯಮಾವಳಿ. ಕಳಿಸುವವರ ಹೆಸರು, ಸಂದೇಶದ ಮಾದರಿ ಎಲ್ಲವೂ ಮೊದಲೇ ನೋಂದಣಿಯಾಗಬೇಕು. 2021ರ ಮಾರ್ಚ್ 8ರಂದು ಇದನ್ನು ಬಿಗಿಯಾಗಿ ಜಾರಿಮಾಡಿದಾಗ ಬ್ಯಾಂಕುಗಳ ಓಟಿಪಿಗಳೇ ಸಿಕ್ಕಿಬಿದ್ದು, ಒಂದು ವಾರ ಮುಂದೂಡಬೇಕಾಯಿತು. ಬ್ಯಾಂಕುಗಳು ಸರಿಮಾಡಿಕೊಂಡವು. ಭಜನಾ ಮಂಡಳಿಗೆ ಆ ಕಾಗದಪತ್ರ ಎಲ್ಲಿಂದ ಬರಬೇಕು?

ಈ ನಡುವೆ ಫೇಸ್‌ಬುಕ್ ಪುಟ, ಟ್ವಿಟರ್ ಖಾತೆಗಳು ‘ಫಾಲೋವರ್’ ಎಂಬ ಹೊಸ ನಂಟನ್ನು ತಂದವು. ಪಟ್ಟಿ ಪೂರ್ತಿ ಮೂರನೆಯವರ ಕೈ ಸೇರಿತು. ಪುಟಕ್ಕೆ ಲೈಕ್ ಒತ್ತಿದವರಿಗೆಲ್ಲ ಪೋಸ್ಟು ಕಾಣುತ್ತದೆಂದು ನಂಬಿದ್ದೆವು. 2012ರಲ್ಲಿ ಫೇಸ್‌ಬುಕ್ಕೇ ಕೊಟ್ಟ ಲೆಕ್ಕದಂತೆ ಪುಟದ ಪೋಸ್ಟು ಸರಾಸರಿ 16% ಅಭಿಮಾನಿಗಳಿಗಷ್ಟೇ ಮುಟ್ಟುತ್ತಿತ್ತು. 2018ರ ಜನವರಿಯಲ್ಲಿ ಗೆಳೆಯರು, ಮನೆಯವರ ಪೋಸ್ಟಿಗೆ ಆದ್ಯತೆ ಎಂದು ಫೀಡನ್ನು ಬದಲಿಸಿದಾಗ ಅದು ಇನ್ನೂ ಸೊರಗಿತು. ವರ್ಷಗಟ್ಟಲೆ ಓದುಗರನ್ನು ಕೂಡಿಸಿದ ಕನ್ನಡದ ಪ್ರಕಾಶಕರು, ರಂಗತಂಡಗಳು ತಮ್ಮದೇ ಓದುಗರನ್ನು ಮುಟ್ಟಲು ಬಾಡಿಗೆ ಕಟ್ಟುವಂತಾಯಿತು.

ಟ್ವಿಟರ್ ಬೆಂಗಳೂರಿಗೆ ಬೇರೆ ರೀತಿಯಲ್ಲಿ ಒದಗಿತು. 2016ರ ಅಕ್ಟೋಬರ್ 16ರಂದು ಚಾಲುಕ್ಯ ವೃತ್ತದಿಂದ ಹೆಬ್ಬಾಳದ ಕಡೆಗೆ ಕೈಕೈ ಹಿಡಿದು ನಿಂತವರನ್ನು ಒಟ್ಟುಮಾಡಿದ್ದರಲ್ಲಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಷ್‌ಟ್ಯಾಗಿಗೆ ದೊಡ್ಡ ಪಾಲಿದೆ. ಮುಂದಿನ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆ ಉಕ್ಕಿನ ಮೇಲ್ಸೇತುವೆಯ ಯೋಜನೆ ಕೈಬಿಟ್ಟಿತು. 2017ರ ‘ನಮ್ಮ ಮೆಟ್ರೋ ಹಿಂದಿ ಬೇಡ’ ಕೂಗು ನಿಲ್ದಾಣದ ಫಲಕಗಳನ್ನೇ ಬದಲಿಸಿತು. ಹ್ಯಾಷ್‌ಟ್ಯಾಗಿನಲ್ಲಿ ಪಟ್ಟಿಯೇ ಇಲ್ಲ. ಬೇಕಾದವರು ಬರಬಹುದು, ಬೈಯುವವರೂ ಬರಬಹುದು. ಎಲ್ಲ ಎಲ್ಲರ ಎದುರಿಗೇ ನಡೆಯುತ್ತದೆ. ಅದೇ ಅದರ ಶಕ್ತಿ ಎಂದು ನಾನು ಈಗಲೂ ನಂಬಿದ್ದೇನೆ.

ಜನಸಾಮಾನ್ಯರಿಗೆ ಒಗ್ಗಿದ್ದು ವಾಟ್ಸಾಪಿನ ಬ್ರಾಡ್‌ಕಾಸ್ಟ್ ಲಿಸ್ಟ್. ಹಳೆ ಬೆಂಗಳೂರಿನ ಬೀದಿಗಳಲ್ಲಿ ಮನೆಯಲ್ಲೇ ಚಕ್ಲಿ, ಕೋಡುಬಳೆ, ಹುಳಿಪುಡಿ ಮಾಡಿ ಮಾರುವ ಹೆಂಗಸರ ವ್ಯಾಪಾರ ನೋಡಿದರೆ ಇದರ ಚೆಂದ ತಿಳಿಯುತ್ತದೆ. ಗೌರಿ ಹಬ್ಬಕ್ಕೆ ಮುಂಚೆ ಒಂದು ಫೋಟೋ, ಅದರ ಕೆಳಗೆ ಅರ್ಧ ಕೆಜಿ, ಒಂದು ಕೆಜಿ ದರ, ‘ಗುರುವಾರದೊಳಗೆ ಹೇಳಿಬಿಡಿ’ ಎಂಬ ಒಂದು ಸಾಲು. ಒಂದು ಲಿಸ್ಟಿಗೆ 256 ಜನ. ಸಂದೇಶ ಪ್ರತಿಯೊಬ್ಬರಿಗೂ ಅವರೊಬ್ಬರಿಗೇ ಬಂದ ಹಾಗೆ ಬರುತ್ತದೆ. ‘ಅಕ್ಕ, ಖಾರ ಕಮ್ಮಿ ಇರಲಿ’ ಎಂದು ಒಬ್ಬರು ಬರೆದರೆ ಅದು ಆಕೆಗಷ್ಟೇ ತಲುಪುತ್ತದೆ, ಗುಂಪಿನಲ್ಲಿ ಗದ್ದಲವಿಲ್ಲ. ಮುಖ್ಯವಾದ ಗುಟ್ಟು ಇನ್ನೊಂದಿದೆ: ಗಿರಾಕಿ ಆಕೆಯ ನಂಬರನ್ನು ತನ್ನ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಸಂದೇಶ ಮುಟ್ಟುತ್ತದೆ. ಪೊಟ್ಟಣ ಕೊಡುವಾಗಲೆಲ್ಲ ‘ನನ್ನ ನಂಬರ್ ಸೇವ್ ಮಾಡ್ಕೊಳಿ’ ಎಂದು ಅವರು ಹೇಳುವುದು ಅದಕ್ಕೇ. ಎರಡೂ ಕಡೆಯವರು ಒಪ್ಪಿದರಷ್ಟೇ ಪಟ್ಟಿ. ಈ ಇಡೀ ಚರಿತ್ರೆಯಲ್ಲಿ ಇಷ್ಟು ಸಭ್ಯವಾದ ಏರ್ಪಾಡನ್ನು ನಾನು ಬೇರೆ ಕಂಡಿಲ್ಲ.

ಅದೇ ಆ್ಯಪಿನ ‘ಫಾರ್ವರ್ಡ್’ ಗುಂಡಿ ತೀರಾ ಬೇರೆ ಸಂಗತಿ. 2018ರ ಮೇ 23ರಂದು ಬಿನ್ನಿಪೇಟೆಯ ನೆರೆಯ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಆಗ ದೇಶದ ಹಲವೆಡೆ ಹರಿದಾಡಿದ ವಿಡಿಯೋಗಳಲ್ಲಿ ಒಂದು, ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಮಗುವನ್ನು ತಿರುಗಿ ತಂದು ಬಿಡುವ ಕೊನೆಯ ಭಾಗವನ್ನು ಕತ್ತರಿಸಿ ಯಾರೋ ಬಿಟ್ಟಿದ್ದರು. ವಾಟ್ಸಾಪ್ ಆ ಜುಲೈನಲ್ಲಿ ‘ಫಾರ್ವರ್ಡೆಡ್’ ಎಂಬ ಗುರುತು ಹಾಕಿತು, ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗೆ ಎಂಬ ಮಿತಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸುತ್ತಿದ ಸಂದೇಶವನ್ನು ಒಂದೇ ಚಾಟ್‌ಗೆ ಎಂದು ಬಿಗಿಮಾಡಿತು. ಬೇಕಾದ ಕ್ರಮಗಳೇ, ಬಂದದ್ದು ತಡವಾಗಿ.

2018ರ ಅದೇ ಮೇ ತಿಂಗಳ ವಿಧಾನಸಭೆ ಚುನಾವಣೆಯಲ್ಲಿ ದೊಡ್ಡ ಪಕ್ಷಗಳು ಹತ್ತಾರು ಸಾವಿರ ವಾಟ್ಸಾಪ್ ಗುಂಪು ಕಟ್ಟಿದ್ದವು. ಬೂತಿನ ಮತದಾರರ ಹೆಸರಿನ ಪಕ್ಕ ಮೊಬೈಲ್ ನಂಬರು ಇದ್ದವನೇ ರಾಜ ಎಂಬ ಸ್ಥಿತಿ. 2022ರ ನವೆಂಬರ್‌ನಲ್ಲಿ ಪಾಲಿಕೆಯ ಮತದಾರ ಜಾಗೃತಿಯ ಹೆಸರಿನಲ್ಲಿ ಖಾಸಗಿ ಸಂಸ್ಥೆಯೊಂದು ಮನೆಮನೆಯ ವೈಯಕ್ತಿಕ ವಿವರ ಕಲೆಹಾಕಿದೆ ಎಂಬ ಆರೋಪ ಎದ್ದಿತು. ಚಿಕ್ಕಪೇಟೆ, ಶಿವಾಜಿನಗರ, ಮಹದೇವಪುರ ಕ್ಷೇತ್ರಗಳ ಪಟ್ಟಿಗಳನ್ನು ಚುನಾವಣಾ ಆಯೋಗ ಮರುಪರಿಶೀಲನೆಗೆ ಹಾಕಿ, ಇಬ್ಬರು ಐಎಎಸ್ ಅಧಿಕಾರಿಗಳನ್ನು ಅಮಾನತು ಮಾಡಿಸಿತು. ಸಂದೇಶಕ್ಕಿಂತ ಪಟ್ಟಿಯೇ ಬೆಲೆಬಾಳುವ ಕಾಲ ಬಂದಿದೆ ಎಂಬುದು ಅಂದು ಎಲ್ಲರಿಗೂ ಗೊತ್ತಾಗಬೇಕಿತ್ತು.

ಬೆಂಗಳೂರಿನದೇ ಒಂದು ಪ್ರಯತ್ನವನ್ನು ಇಲ್ಲಿ ಹೇಳಲೇಬೇಕು. ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದಾವತ್ಕಾ ಕಟ್ಟಿದ, ಟ್ವಿಟರ್ ಮಾದರಿಯ ‘ಕೂ’ ಆ್ಯಪ್ ಮೊದಲು ಹೊರಬಂದದ್ದು ಕನ್ನಡದಲ್ಲಿ. ಒಂದು ಪೋಸ್ಟಿಗೆ 400 ಅಕ್ಷರ, ಅಂದರೆ ಒತ್ತು ಗುಣಿತಗಳಿಗೆ ಉಸಿರಾಡುವಷ್ಟು ಜಾಗ. ಇಂಗ್ಲಿಷ್ ಬಾರದವರೂ ಹಿಂಬಾಲಕರನ್ನು ಪಡೆಯಬಹುದು ಎಂಬ ಅದರ ನಂಬಿಕೆ ಸರಿಯಾಗಿಯೇ ಇತ್ತು. 2020ರಲ್ಲಿ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಗೆದ್ದಿತು, ಹೂಡಿಕೆ ಬಂತು, ದಣಿಯಿತು, 2024ರ ಜುಲೈನಲ್ಲಿ ಮುಚ್ಚಿತು. ಅಲ್ಲಿ ಬರೆದವರು ಕೂಡಿಸಿಕೊಂಡಿದ್ದ ಓದುಗರೂ ಅದರೊಂದಿಗೇ ಹೋದರು. ಅಂಗಡಿ ಮುಚ್ಚಿದರೆ ಖಾತೆ ಪುಸ್ತಕವಾದರೂ ಮನೆಗೆ ಬರುತ್ತದೆ, ಇಲ್ಲಿ ಅದೂ ಇರಲಿಲ್ಲ.

ಸದ್ಯದ ಘಟ್ಟ ಚಾನೆಲ್‌ಗಳದ್ದು. ಟೆಲಿಗ್ರಾಂ 2015ರಲ್ಲೇ ಶುರುಮಾಡಿತ್ತು; ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ನಮ್ಮ ಹುಡುಗರಿಗೆ ನೋಟ್ಸು, ಪ್ರಶ್ನೆಪತ್ರಿಕೆಗಳ ಗಣಿ ಅದು. ಇನ್‌ಸ್ಟಾಗ್ರಾಂ 2023ರ ಫೆಬ್ರವರಿಯಲ್ಲಿ ಶುರುಮಾಡಿತು, ವಾಟ್ಸಾಪ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ತಂದಿತು. 256ರ ಮಿತಿ ಇಲ್ಲ, ಲಕ್ಷ ಜನ ಸೇರಬಹುದು. ಹಿಂಬಾಲಕರ ನಂಬರು ಪರಸ್ಪರ ಕಾಣುವುದಿಲ್ಲ. ಹೆಣ್ಣುಮಕ್ಕಳಿಗೆ ಇದು ದೊಡ್ಡ ನೆಮ್ಮದಿ, ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಚಾನೆಲ್ ನಡೆಸುವವರಿಗೆ, ವಾಟ್ಸಾಪಿನಲ್ಲಂತೂ, ಹೆಚ್ಚಾಗಿ ಸಿಗುವುದು ಒಂದು ಒಟ್ಟು ಸಂಖ್ಯೆ, ಕೆಲವು ಎಮೋಜಿ. ‘ಖಾರ ಕಮ್ಮಿ ಇರಲಿ’ ಎಂದು ಬರೆದು ಹೇಳುವ ಸಲಿಗೆ ಇಲ್ಲಿಲ್ಲ. 2025ರ ಜೂನ್‌ನಲ್ಲಿ ವಾಟ್ಸಾಪಿನ ಒಡೆತನದ ಮೆಟಾ ಕಂಪನಿ, ಹಣ ಕೊಟ್ಟು ಚಾನೆಲ್ ಪ್ರಚಾರ ಮಾಡುವ, ಚಂದಾ ವಸೂಲು ಮಾಡುವ ವ್ಯವಸ್ಥೆ ಪ್ರಕಟಿಸಿತು. ಫೇಸ್‌ಬುಕ್ ಪುಟಗಳು ನಡೆದ ದಾರಿಯಲ್ಲೇ ಇದೂ ಹೆಜ್ಜೆ ಇಟ್ಟ ಹಾಗಿದೆ.

ಪುಸ್ತಕ ಪ್ರಕಾಶನವೋ ನಾಟಕ ತಂಡವೋ ತಿಂಡಿ ವ್ಯಾಪಾರವೋ ಚಾನೆಲ್ ತೆರೆಯುವುದಾದರೆ ತೆರೆಯಲಿ. ಜೊತೆಗೆ ಪುಸ್ತಕ ಕೊಂಡವರ, ಟಿಕೆಟ್ ಪಡೆದವರ ನಂಬರನ್ನು ಅವರನ್ನು ಕೇಳಿಯೇ ಬರೆದಿಟ್ಟುಕೊಳ್ಳಲಿ, ಬೇಡ ಎಂದವರ ಹೆಸರನ್ನು ಅಂದೇ ಹೊಡೆದುಹಾಕಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಯಸುವುದು ಇದನ್ನೇ: ಏತಕ್ಕೆ ಬೇಕು ಎಂದು ಹೇಳಿ ಒಪ್ಪಿಗೆ ಪಡೆಯಬೇಕು, ಒಪ್ಪಿಗೆ ಹಿಂದೆ ಪಡೆಯಲು ಬಿಡಬೇಕು. ಮತದಾರರ ನಂಬರು ಹಿಡಿದು ಓಡಾಡುವ ಪಕ್ಷಗಳನ್ನೂ ಬಡಾವಣೆಯ ಮುಖಂಡರನ್ನೂ ‘ನಮ್ಮ ನಂಬರು ನಿಮಗೆ ಯಾರು ಕೊಟ್ಟರು?’ ಎಂದು ನಾವು ಕೇಳಲು ಶುರುಮಾಡಬೇಕಾದ್ದು ಈಗ.