ಮಾಳಿಗೆ ಮನೆಯ ಬೆಳಕಿಂಡಿ

ಮೊನ್ನೆ ಗೆಳೆಯನೊಬ್ಬನ ಹೊಸ ಫ್ಲ್ಯಾಟಿಗೆ ಹೋಗಿದ್ದೆ. ಹತ್ತಡಿಯ ರೂಮು ದೊಡ್ಡದಾಗಿ ಕಾಣಲಿ ಅಂತ ಗೋಡೆ ತುಂಬ ಕನ್ನಡಿ ಹಾಕಿಸಿದ್ದಾನೆ. ನನಗೆ ಅಳವಂಡಿಯ ಅಜ್ಜಿ ಮನೆ ನೆನಪಾಯಿತು.

1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಊರು ಅದು. ಆ ಕಾಲದ ಮಣ್ಣಿನ ಮಾಳಿಗೆ ಮನೆಗಳಿಗೆ ಬೀದಿ ಕಡೆ ಕಿಟಕಿ ಕಡಿಮೆ. ಬಿಸಿಲು ಒಂದು ಕಾರಣ, ಕಳ್ಳರ ಭಯ ಇನ್ನೊಂದು (ರಜಾಕಾರರ ಭಯ ಕೊನೆಗೆ ಸೇರಿದ್ದು). ಹಾಗಾಗಿ ಬೆಳಕನ್ನು ಮೇಲಿಂದ ಇಳಿಸಿದರು. ಮಾಳಿಗೆಯಲ್ಲೊಂದು ಬೆಳಕಿಂಡಿ, ಮಳೆ ಬಂದರೆ ಓಡಿ ಹತ್ತಿ ಮುಚ್ಚಬೇಕು. ಆ ಬೆಳಕು ಸುಣ್ಣದ ಗೋಡೆಗೆ ಬಿದ್ದು ಕೋಣೆಯೆಲ್ಲ ಹರಡುತ್ತಿತ್ತು. ಗೋಡೆಯೋ, ಎರಡಡಿ ದಪ್ಪ. ಅದರೊಳಗೇ ಮಾಡ, ಅಂದರೆ ಗೋಡೆಗೂಡು, ಬಿಟ್ಟು ದೀಪ, ಡಬ್ಬಿ, ಪುಸ್ತಕ ಇಡುತ್ತಿದ್ದರು. ಬಟ್ಟೆ ಜಂತಿಗೆ ಇಳಿಬಿಟ್ಟ ಗಳದ ಮೇಲೆ, ಬೆಣ್ಣೆ ಗಡಿಗೆ ನೆಲುವಿನಲ್ಲಿ. ಬೆಳಿಗ್ಗೆ ಹಾಸಿಗೆ ಸುತ್ತಿಟ್ಟರೆ ನೆಲದ ಮೇಲೆ ಏನೂ ಇಲ್ಲ! ಅಷ್ಟು ಸಣ್ಣ ಪಡಸಾಲೆಯಲ್ಲಿ ಹನ್ನೆರಡು ಮಂದಿ ಒಟ್ಟಿಗೆ ಉಂಡದ್ದು ನೆನಪಿದೆ.

ಈಗಿನ ಒಂಬತ್ತಿಂಚಿನ ಗೋಡೆಯಲ್ಲಿ ಅಂಥ ಮಾಡಕ್ಕೆ ಜಾಗವೆಲ್ಲಿ? ಕಪಾಟು ಕೋಣೆಯೊಳಗೇ ಬಂದು ನಿಂತಿತು. ಅಜ್ಜಿ ಮನೆಯನ್ನೂ ಕೆಡವಿ ಆರ್‌ಸಿಸಿ ಹಾಕಿಸುವ ಮಾತು ನಡೆದಿದೆ. ವರ್ಷವರ್ಷ ಮಾಳಿಗೆಗೆ ಮಣ್ಣು ಹಾಕುವವರು ಯಾರಪ್ಪಾ ಅಂತ ಮಾವ ಕೇಳ್ತಾರೆ. ನನ್ನಲ್ಲಿ ಉತ್ತರ ಇಲ್ಲ. ಒಂದು ಬೆಳಕಿಂಡಿಯನ್ನಾದರೂ ಬಿಡಿಸಿ ಅಂದಿದ್ದೇನೆ. ಅಂದಹಾಗೆ, ನಿಮ್ಮ ಕಡೆ ಈ ಮಾಡಕ್ಕೆ ಏನಂತೀರಿ?