ಅರಸರ ಹಣಗಾರರು

ಚಿತ್ರ, ಶಿಲ್ಪ, ಗ್ರಂಥಗಳಿಗೆ ಅರಸರು ಆಶ್ರಯದಾತರಾಗಿದ್ದರೆಂದು ಚರಿತ್ರೆಯಲ್ಲಿ ಓದುತ್ತೇವೆ. ಆ ಆಶ್ರಯಕ್ಕೆ ಹಣವನ್ನೊದಗಿಸಿದವರಾರು, ಕಡೆಗೆ ಅವರ ಗತಿಯೇನಾಯಿತು ಎಂದು ವಿಚಾರಿಸುವವರು ವಿರಳ.

1618ರಿಂದ 1648ರ ವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಿಂದ ಜರ್ಮನ್ ಸಂಸ್ಥಾನಗಳ ಬೊಕ್ಕಸಗಳು ಬರಿದಾದುವು. ಆಗ ಅಲ್ಲಿಯ ಅರಸರು ಯೆಹೂದ್ಯ ವರ್ತಕರ ನೆರವನ್ನು ಬಯಸಿದರು. ಬಹುತೇಕ ಕಡೆಗಳಲ್ಲಿ ಭೂಮಿಯ ಒಡೆತನಕ್ಕೂ ಕಸಬುದಾರರ ಸಂಘಗಳಿಗೂ ಹೊರಗಾಗಿದ್ದ ಆ ಜನರಿಗೆ ವ್ಯಾಪಾರ, ಲೇವಾದೇವಿಗಳೇ ಜೀವನೋಪಾಯಗಳಾಗಿದ್ದುವು. ಬೆರೆಂಡ್ ಲೇಮನ್ ಎಂಬಾತನು 1697ರಲ್ಲಿ ಸ್ಯಾಕ್ಸನಿಯ ಅಗಸ್ಟಸನಿಗೆ ಪೋಲೆಂಡಿನ ಸಿಂಹಾಸನ ದೊರೆಯಲೆಂದು ಹಣ ಕೂಡಿಸಿದನು. ಅದೇ ಕಾಲದಲ್ಲಿ ತನ್ನ ಜನರ ಧರ್ಮಶಾಸ್ತ್ರವಾದ ತಾಲ್ಮುದನ್ನು ಅಚ್ಚುಹಾಕಿಸಿದನು.

ವುರ್ಟೆಂಬರ್ಗಿನ ಡ್ಯೂಕ್ ಕಾರ್ಲ್ ಅಲೆಕ್ಸಾಂಡರನ ಹಣಕಾಸಿನ ಸಲಹೆಗಾರನಾದ ಯೋಸೆಫ್ ಸ್ಯೂಸ್ ಓಪ್ಪನ್‌ಹೈಮರನು ಚಿತ್ರಗಳನ್ನೂ ಗ್ರಂಥಗಳನ್ನೂ ಸಂಗ್ರಹಿಸಿದ ರಸಿಕ. ಡ್ಯೂಕನ ಬೊಕ್ಕಸವನ್ನು ತುಂಬಲು ಹೂಡಿದ ತೆರಿಗೆಗಳಿಗಾಗಿ ಜನರು ಡ್ಯೂಕನನ್ನು ಬಿಟ್ಟು ಇವನನ್ನೇ ದ್ವೇಷಿಸಿದರು. 1737ರಲ್ಲಿ ಡ್ಯೂಕನು ಹಠಾತ್ತಾಗಿ ಮಡಿದೊಡನೆಯೇ ಇವನನ್ನು ಸೆರೆಹಿಡಿದರು. 1738ರ ಫೆಬ್ರವರಿ 4ರಂದು ಗಲ್ಲಿಗೇರಿಸಿ, ಶವವನ್ನು ಕಬ್ಬಿಣದ ಪಂಜರದಲ್ಲಿ ಆರು ವರ್ಷ ತೂಗುಬಿಟ್ಟರು.

ಇಂಥ ಅಪಾಯವನ್ನು ನಮ್ಮ ಜನರೂ ಬಲ್ಲರು. ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ಕಟ್ಟಿಸಿದ ವಿರೂಪಣ್ಣನು ಸೆಟ್ಟಿ ಮನೆತನದವನು. ವಿಜಯನಗರದ ಅಚ್ಯುತರಾಯನ ಕೆಳಗೆ ಪೆನುಗೊಂಡೆಯ ಅಧಿಕಾರಿ. ಅರಸನ ಅಪ್ಪಣೆಯಿಲ್ಲದೆ ಬೊಕ್ಕಸದ ಹಣವನ್ನು ವ್ಯಯಿಸಿದನೆಂಬ ಆರೋಪ ಬರಲು, ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆಸೆದನೆಂದು ಐತಿಹ್ಯ. ಇದು ನಡೆದ ಸಂಗತಿಯೇ ಎಂಬುದು ಹಾಗಿರಲಿ. ದೇವಾಲಯದ ಸೊಬಗನ್ನು ಹೊಗಳುವವರು ಹಣಗಾರನ ಭಯವನ್ನೂ ಮರೆಯಲಿಲ್ಲವೆಂಬುದು ಗಮನಾರ್ಹ.

ಕಲೆಗೂ ಧರ್ಮಕ್ಕೂ ಬೇರೊಂದು ಬಗೆಯ ಆಶ್ರಯವೂ ಇತ್ತು. ಅದರ ಸಾಕ್ಷ್ಯ ಕೋಗಳಿಯಲ್ಲಿದೆ. ಈ ಗ್ರಾಮವು ಹಿಂದೆ ಕೋಗಳಿ ಐನೂರೆಂಬ ನಾಡಿಗೆ ಹೆಸರಿತ್ತ ಸ್ಥಳ. ಇಲ್ಲಿಯ ಚೆನ್ನಪಾರ್ಶ್ವ ಬಸದಿಗೆ 13ನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನು ಹೊನ್ನನ್ನು ದಾನವಿತ್ತನು. ಆದರೆ ಬಸದಿಯ ಶಾಸನಗಳಲ್ಲಿರುವುದು ಅರಸನ ಹೆಸರೊಂದೇ ಅಲ್ಲ. ಜಿನೇಶ್ವರನ ನಿತ್ಯಾಭಿಷೇಕಕ್ಕೆ ವರ್ಷವರ್ಷವೂ ಹಣ ಸಲ್ಲಿಸುವೆವೆಂದು ಒಪ್ಪಿಕೊಂಡ ಅನೇಕ ಭಕ್ತರ ಹೆಸರುಗಳೂ ಇವೆ.

ಓಪ್ಪನ್‌ಹೈಮರನ ಸೊತ್ತೆಲ್ಲವೂ ಮುಟ್ಟುಗೋಲಾಯಿತು. ಒಬ್ಬ ಒಡೆಯನ ಕೃಪೆಯನ್ನೇ ನಂಬಿದ್ದವನಿಗೆ ಆ ಒಡೆಯನು ಕಣ್ಮುಚ್ಚಿದ ದಿನ ದಿಕ್ಕಿರಲಿಲ್ಲ. ಕೋಗಳಿಯ ದಾನಿಗಳಲ್ಲಿ ಒಬ್ಬನು ತೀರಿಕೊಂಡರೆ ಉಳಿದವರು ಇರುತ್ತಿದ್ದರು. ಕಲೆಯ ಚರಿತ್ರೆಯನ್ನು ಬರೆಯುವವರು ಅರಸರ ಬಿರುದುಗಳೊಡನೆ ಈ ಸಾಮಾನ್ಯರ ಪಟ್ಟಿಯನ್ನೂ ಓದಬೇಕು.